ಮೂರನೇ ಕಿಟಕಿಯ ಗುಡುಗು

"ಗುಳಿಗೆಯ ಖಾಲಿ ಪಟ್ಟಿ ಕೊಡಿ."

ಮೂರನೇ ಕಿಟಕಿಯವನು ತಲೆ ಎತ್ತದೆ ಕೈ ಚಾಚಿದ.

ಅವಳು ಕರ್ಚೀಫಿನ ಗಂಟು ಬಿಚ್ಚಿ ಒಂದು ಕಪ್ಪು ಮುದ್ದೆಯನ್ನು ಅವನ ಅಂಗೈ ಮೇಲೆ ಇಟ್ಟಳು. ಕರಗಿ ಗಟ್ಟಿಯಾದ ಪ್ಲಾಸ್ಟಿಕ್ಕು, ಅದರೊಳಗೆ ಮುರುಟಿಕೊಂಡ ಬೆಳ್ಳಿ ಕಾಗದ, ಮೂಗಿಗೆ ಅಡರುವ ಸುಟ್ಟ ವಾಸನೆ.

"ಏನಿದು?"

"ನೀವು ಕೇಳಿದ ಪಟ್ಟಿ. ಏಳು ಗುಳಿಗೆ ನುಂಗಿದ್ದೆ. ಮಿಕ್ಕ ಹದಿನಾಲ್ಕು ಅದರೊಳಗೇ ಸುಟ್ಟುಹೋಗಿದೆ. ಇನ್ನೊಂದು ಡಬ್ಬಿ ಕೊಡಿ."

"ಹಾಗೆಲ್ಲ ಕೊಡೋಕೆ ಬರಲ್ಲ ಮೇಡಂ. ರೂಲ್ಸು."

ಅವಳ ಎಡಗೈ ಚೀಲದೊಳಗೆ ಹೋಯಿತು. ಚೀಲದಲ್ಲಿ ಸುತ್ತಿಗೆ ಇತ್ತು.

ಸುತ್ತಿಗೆ ಮೇಲೇಳುವ ಮುಂಚೆ ಇವಳನ್ನು ಸ್ವಲ್ಪ ಪರಿಚಯ ಮಾಡಿಕೊಟ್ಟುಬಿಡುತ್ತೇನೆ. ಆಮೇಲೆ ಪುರುಸೊತ್ತು ಸಿಗಲ್ಲ.

ವಯಸ್ಸು ಮೂವತ್ತೇಳು. ಅಣ್ಣನ ಗ್ಯಾರೇಜಿನಲ್ಲಿ ಟಿಂಕರಿಂಗ್ ಕೆಲಸ. ಅಪ್ಪಚ್ಚಿಯಾದ ಬಾಗಿಲು, ಗುದ್ದಿಸಿಕೊಂಡ ಬಾನೆಟ್ಟು, ಯಾವುದೇ ಕೊಡಿ, ಬಡಿದೂ ಬಡಿದೂ ಹೊಸದರ ಹಾಗೆ ಮಾಡಿ ಕೊಡುತ್ತಾಳೆ. ಆ ಸದ್ದಿಗೋ, ಮೂಗಿನ ತುದಿಯಲ್ಲೇ ಕೂತಿರುವ ಕೋಪಕ್ಕೋ, ಬೀದಿಯವರೆಲ್ಲ ಅವಳನ್ನು ಗುಡುಗು ಅಂತಲೇ ಕರೆಯುವುದು. ಮದುವೆ ಆಗಿತ್ತು. ಕಾಯಿಲೆ ಎರಡನೇ ಸಲ ಬಂದಾಗ ಗಂಡ ಒಂದು ಚೀಟಿ ಬರೆದಿಟ್ಟು ಹೋದ. ಅದನ್ನು ಪೂರ್ತಿ ಓದುವ ತಾಳ್ಮೆಯೂ ಅವಳಿಗಿರಲಿಲ್ಲ.

ಕ್ಯಾನ್ಸರ್ ಮೊದಲು ಎದೆಯಲ್ಲಿತ್ತು. ಆಪರೇಷನ್ ಆಯಿತು, ಮೂರು ವರ್ಷ ಸುಮ್ಮನಿತ್ತು. ಆಮೇಲೆ ಮೂಳೆಗೆ ಇಳಿಯಿತು... ಸೊಂಟ, ಪಕ್ಕೆಲುಬು, ಬಲಭುಜ. ವಾಸಿಯಾಗುತ್ತೆ ಅನ್ನುವ ಮಾತನ್ನು ಡಾಕ್ಟರಮ್ಮ ಆಡಲಿಲ್ಲ. "ಎಷ್ಟು ದಿನ ಆಗುತ್ತೋ ಅಷ್ಟು ದಿನ ಹಿಡಿದು ನಿಲ್ಲಿಸೋಣ" ಅಂದರು.

ಹಿಡಿದು ನಿಲ್ಲಿಸುವ ಆ ಗುಳಿಗೆ ಗ್ಯಾರೇಜಿನವರ ಕೈಗೆಟುಕುವಂಥದ್ದಲ್ಲ. ತಯಾರಿಸುವ ಕಂಪನಿಯೇ ಒಂದಷ್ಟು ರೋಗಿಗಳಿಗೆ ಬಿಟ್ಟಿ ಕೊಡುತ್ತಿತ್ತು, ಈ ಆಸ್ಪತ್ರೆಯ ಮೂರನೇ ಕಿಟಕಿಯಿಂದ. ಇಪ್ಪತ್ತೊಂದು ದಿನ ನುಂಗಬೇಕು, ಏಳು ದಿನ ಬಿಡಬೇಕು, ಇಪ್ಪತ್ತೆಂಟನೇ ದಿನ ಖಾಲಿ ಪಟ್ಟಿ ತಂದು ಒಪ್ಪಿಸಿದರೆ ಮಾತ್ರ ಮುಂದಿನ ಡಬ್ಬಿ. ಯಾರೂ ಹೊರಗೆ ಮಾರಿಕೊಳ್ಳಬಾರದು ಅಂತ ಈ ಏರ್ಪಾಡು. ಆ ಬಿಟ್ಟಿ ಗುಳಿಗೆಗೆ ಹೆಸರು ಬರೆಸೋಕೆ ಅವಳು ಏಳು ತಿಂಗಳು ಚಪ್ಪಲಿ ಸವೆಸಿದ್ದಳು. ಇದು ಅವಳ ಎರಡನೇ ಡಬ್ಬಿಯಾಗಿತ್ತು.

ಪರಿಚಯ ಸಾಕು. ಸುತ್ತಿಗೆ ಎದ್ದಿತು.

ಒಂದೇ ಏಟಿಗೆ ಕಿಟಕಿಯ ಗಾಜು ಪುಡಿಪುಡಿ. ಒಂದು ಚೂರು ಹಾರಿ ಕಿಟಕಿಯವನ ಹುಬ್ಬಿಗೆ ಬಡಿಯಿತು. ರಕ್ತ ಕಣ್ಣಿನ ಮೇಲೆ ಇಳಿದು ಅಂಗಿಗೆ ತೊಟ್ಟಿಕ್ಕಿತು. ಸಾಲಿನಲ್ಲಿ ನಿಂತವರು ದಿಕ್ಕಾಪಾಲಾದರು. ಇಬ್ಬರು ಸೆಕ್ಯೂರಿಟಿಯವರು ಓಡಿಬಂದು ಅವಳನ್ನು ಗೋಡೆಗೆ ಒತ್ತಿದರು. ಒಬ್ಬ ಅವಳ ಬಲಗೈ ಹಿಡಿದು ಬೆನ್ನ ಹಿಂದೆ ತಿರುಚಿದ.

ಅವಳ ಬಾಯಿಂದ ಕೂಗೇ ಹೊರಡಲಿಲ್ಲ. ಕಣ್ಣೆದುರು ಎಲ್ಲ ಬೆಳ್ಳಗಾಯಿತು.

"ಆ ಕೈ ಬಿಡಯ್ಯಾ. ಮೂಳೆ ಮುರಿದುಹೋಗುತ್ತೆ, ಬಿಡು," ಕಿಟಕಿಯವನು ಕೂಗಿದ.

ಸೆಕ್ಯೂರಿಟಿಯವನು ಬಿಡಲಿಲ್ಲ. ಹನ್ನೊಂದು ವರ್ಷದಲ್ಲಿ ಆ ಕಿಟಕಿಯವನು ಜೋರಾಗಿ ಕೆಮ್ಮಿದ್ದನ್ನೂ ಆಸ್ಪತ್ರೆಯಲ್ಲಿ ಯಾರೂ ಕೇಳಿರಲಿಲ್ಲ. ಆ ಮನುಷ್ಯ ಒಡೆದ ಕಿಟಕಿಯಿಂದಲೇ ಹೊರಗೆ ಹಾರಿದ. ಕೈಯಲ್ಲಿದ್ದ ದಪ್ಪ ರಿಜಿಸ್ಟರನ್ನು ಎರಡೂ ಕೈಯಲ್ಲಿ ಎತ್ತಿ ಸೆಕ್ಯೂರಿಟಿಯವನ ನೆತ್ತಿಗೆ ಬಾರಿಸಿದ. ಒಂದಲ್ಲ, ಮೂರು ಸಲ. ಮೂರನೇ ಏಟಿಗೆ ರಿಜಿಸ್ಟರಿನ ಹೊಲಿಗೆ ಬಿಚ್ಚಿ ಹಾಳೆಗಳು ನೆಲದ ತುಂಬ ಹರಡಿದವು.

ಗುಡುಗು ಗೋಡೆಗೆ ಒರಗಿ ಕುಸಿದು ಕೂತು ಅವನನ್ನೇ ನೋಡಿದಳು.

'ಇವನಿಗೇನು ಹುಚ್ಚಾ? ತಲೆ ಒಡೆದದ್ದು ನಾನು... ಹೊಡೆಯೋದು ಅವನಿಗಾ?'

*

ಡ್ರೆಸ್ಸಿಂಗ್ ರೂಮಿನಲ್ಲಿ ಒಂದೇ ಬೆಂಚು. ಅದರ ಒಂದು ತುದಿಗೆ ಅವನು, ಇನ್ನೊಂದು ತುದಿಗೆ ಅವಳು.

ಎಕ್ಸ್‌ರೇ ನೋಡಿ, ರಕ್ತವನ್ನೂ ಪರೀಕ್ಷೆ ಮಾಡಿಸಿ ಡಾಕ್ಟರಮ್ಮ ಹೋಗಿದ್ದರು. ಮೂಳೆ ಮುರಿದಿರಲಿಲ್ಲ. ಗುಳಿಗೆ ಸಿಕ್ಕರೆ ಮತ್ತೆ ಶುರು ಮಾಡಬಹುದು ಅಂದಿದ್ದರು. ಸಿಕ್ಕರೆ.

ನರ್ಸಮ್ಮ ಅವನ ಹುಬ್ಬಿಗೆ ಹೊಲಿಗೆ ಹಾಕುತ್ತಿದ್ದಳು.

"ನನ್ನ ಬಲಗೈ ವಿಷಯ ನಿಮಗೆ ಹೇಗೆ ಗೊತ್ತು?" ಗುಡುಗು ಕೇಳಿದಳು.

"ಫೈಲು ಓದಿದ್ದೀನಿ."

"ಎಲ್ಲರದ್ದೂ ಓದ್ತೀರಾ?"

ಅವನು ಕಣ್ಣು ಮುಚ್ಚಿಕೊಂಡ. ಸೂಜಿಯ ನೋವಿಗೆ ಅಂದುಕೊಂಡಳು ಇವಳು. ದಡ್ಡಿ.

"ಯಾರು ಸುಟ್ಟಿದ್ದು?" ಅಂದ.

"ನನ್ನಣ್ಣ."

ಹೇಳಬಾರದು ಅಂತಿದ್ದಳು. ಆದರೆ ತನಗಾಗಿ ರಿಜಿಸ್ಟರು ಹರಿದುಕೊಂಡವನಿಗೆ ಸುಳ್ಳು ಹೇಳೋಕೆ ನಾಲಿಗೆ ಏಳಲಿಲ್ಲ.

ಹಿಂದಿನ ದಿನ ಗ್ಯಾರೇಜಿನಲ್ಲಿ ತಲೆಸುತ್ತು ಬಂದು ಬಿದ್ದಿದ್ದಳು. ಬೆಳಗ್ಗೆಯಿಂದ ಹೊಟ್ಟೆಗೆ ಹಾಕಿರಲಿಲ್ಲ, ಬಿಸಿಲಲ್ಲಿ ನಿಂತು ಬಡಿದಿದ್ದಳು, ಅಷ್ಟೇ ಕಾರಣ. ಅಣ್ಣನಿಗೆ ಅದು ಹಾಗೆ ಕಾಣಲಿಲ್ಲ. ಅವರಮ್ಮನೂ ಇದೇ ಕಾಯಿಲೆಯಲ್ಲಿ ಹೋದವಳು, ಔಷಧಿ ಶುರುವಾದ ಎರಡೇ ತಿಂಗಳಿಗೆ. 'ಈ ಗುಳಿಗೆಯೇ ನಿನ್ನ ತಿಂತಿದೆ' ಅಂತ ಕೂಗುತ್ತಾ ಡಬ್ಬಿಯನ್ನು ಕಬ್ಬಿಣದ ದಿಮ್ಮಿ ಮೇಲಿಟ್ಟು ಗ್ಯಾಸ್ ವೆಲ್ಡಿಂಗಿನ ಬೆಂಕಿ ಬಿಟ್ಟಿದ್ದ. ಇವಳು ಅವನ ಮೇಲೆ ಬಿದ್ದು ಮಣಿಕಟ್ಟು ಕಚ್ಚಿದ್ದಳು, ರಕ್ತ ಬರುವ ಹಾಗೆ. ಆದರೂ ಅವನು ಬಿಟ್ಟಿರಲಿಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ... ಕಾಯಿಲೆ ಮೇಲಿನ ಸಿಟ್ಟನ್ನೆಲ್ಲ ಔಷಧಿ ಮೇಲೆ ತೀರಿಸಿಕೊಂಡಿದ್ದ.

ಕಿಟಕಿಯವನು ಪೂರ್ತಿ ಕೇಳಿಸಿಕೊಂಡ.

"ಒಂದು ದಾರಿ ಇದೆ. ಕಳೆದುಹೋಯ್ತು ಅಂದ್ರೆ ಕಂಪನಿಯವರು ಹೆಸರು ತೆಗೆದುಹಾಕ್ತಾರೆ. ಆದರೆ ಬೇರೆಯವರು ಹಾಳು ಮಾಡಿದ್ರೆ, ಅವರ ಹೆಸರಿರೋ ಪೊಲೀಸ್ ದೂರಿನ ಪ್ರತಿ ಕೊಟ್ರೆ ಹೊಸ ಡಬ್ಬಿ ಕೊಡಬಹುದು. ಮೂರು ದಿನದೊಳಗೆ."

"ಅಂದ್ರೆ ನನ್ನಣ್ಣನನ್ನ ಜೈಲಿಗೆ ಹಾಕಿಸಬೇಕಾ?"

"ಹಾಕ್ತಾರೋ ಬಿಡ್ತಾರೋ... ಹೆಸರಂತೂ ಬರೀಬೇಕು."

"ಅಪ್ಪ ಸತ್ತಾಗ ನನಗೆ ಒಂಬತ್ತು ವರ್ಷ. ಸಾಕಿದ್ದು ಅವನು. ಕೆಲಸ ಕಲಿಸಿದ್ದು ಅವನು. ಗಂಡ ಬಿಟ್ಟುಹೋದಾಗ ಬಾಗಿಲಲ್ಲಿ ನಿಂತು 'ಬಾರೇ ಮನೆಗೆ' ಅಂದಿದ್ದು ಅವನು." ಅವಳು ಎದ್ದು ನಿಂತಳು. "ಸಾಯ್ತೀನಿ, ದೂರು ಕೊಡಲ್ಲ."

ಬಾಗಿಲ ತನಕ ಹೋದವಳನ್ನು ಅವನು ಕರೆದ. ಬೆಂಚಿನ ಕೆಳಗಿನಿಂದ ಸುತ್ತಿಗೆ ತೆಗೆದು ಅವಳ ಚೀಲಕ್ಕೆ ಇಳಿಸಿದ.

"ಸೆಕ್ಯೂರಿಟಿಯವರು ಇದನ್ನೇ ಹುಡುಕ್ತಾ ಇದ್ದಾರೆ. ಗಾಜಿನ ದುಡ್ಡು ನಾನು ಕಟ್ತೀನಿ. ಹಿಂದಿನ ಗೇಟಿಂದ ಹೋಗಿ."

ಎಷ್ಟೋ ತಿಂಗಳ ಮೇಲೆ ಅವಳಿಗೆ ನಗು ಬಂತು. ಬಂದದ್ದಕ್ಕೆ ಅವಳಿಗೇ ಕೋಪವೂ ಬಂತು. ದಾರಿಯುದ್ದಕ್ಕೂ ಆ ನಾಲ್ಕು ಹೊಲಿಗೆ ಬಿದ್ದ ಹುಬ್ಬೇ ಕಣ್ಣ ಮುಂದೆ.

'ಥೂ, ಈ ವಯಸ್ಸಲ್ಲಿ, ಈ ಕಾಯಿಲೆಯಲ್ಲಿ... ಏನಿದು?'

*

ಮರುದಿನ ಮಧ್ಯಾಹ್ನ ಒಂದು ಬಿಡಿಭಾಗ ತರಲು ಹೋಗಿದ್ದವಳು ಗ್ಯಾರೇಜಿಗೆ ಮರಳಿದಾಗ, ನೆಲದ ಮೇಲೆ ಇಬ್ಬರು ಬಿದ್ದಿದ್ದರು. ಮೇಲಿದ್ದವನು ಅಣ್ಣ. ಕೆಳಗಿದ್ದವನು ಕಿಟಕಿಯವನು.

"ನನ್ನ ತಂಗಿ ಕೈಲಿ ನನ್ನ ಮೇಲೆ ದೂರು ಬರೆಸ್ತೀಯಾ? ಯಾರೋ ನೀನು?"

ಗುದ್ದು. ಇನ್ನೊಂದು ಗುದ್ದು. ಅಣ್ಣನ ಕೈ ಅಂದರೆ ಇಂಜಿನ್ ಎತ್ತುವ ಕೈ. ಕಿಟಕಿಯವನ ಬಾಯಿ ಒಡೆದು ರಕ್ತ ಬರುತ್ತಿತ್ತು, ಹೊಲಿಗೆ ಬಿಚ್ಚಿತ್ತು. ಅವನು ಒಂದು ಏಟನ್ನೂ ತಿರುಗಿಸಿ ಕೊಡುತ್ತಿರಲಿಲ್ಲ. ಏಟಿನ ಮಧ್ಯೆ ಮಧ್ಯೆ ಮಾತು ಮಾತ್ರ ನಿಲ್ಲಿಸಿರಲಿಲ್ಲ.

"ನಾಳೆ ಹನ್ನೆರಡು ಗಂಟೆ... ಅಷ್ಟೇ ಟೈಮು. ಹೊಡೀರಿ... ಹೊಡೆದು ಕೇಳಿಸ್ಕೊಳ್ಳಿ. ಹೆಸರು ಹೋದ್ರೆ ಮತ್ತೆ ಬರಲ್ಲ. ನಿಮ್ಮಮ್ಮನಿಗೆ ಕೊಟ್ಟ ಔಷಧಿ ಅಲ್ಲ ಇದು... ಇದು ಬೇರೆ. ಇದಿಲ್ದಿದ್ರೆ ಅವರು ಉಳಿಯಲ್ಲ."

ಗುಡುಗು ಪಕ್ಕದಲ್ಲಿದ್ದ ಬಂಪರ್ ಎತ್ತಿ ಅಣ್ಣನ ಬೆನ್ನಿಗೆ ಬಿಟ್ಟಳು. ಅಣ್ಣ ಉರುಳಿ ಬಿದ್ದ. ಅವಳು ಇಬ್ಬರ ಮಧ್ಯೆ ನಿಂತಳು, ಏದುಸಿರು ಬಿಡುತ್ತಾ.

"ಏಳ್ರೀ. ಹೋಗಿ ಇಲ್ಲಿಂದ. ನಿಮ್ಮನ್ನ ಯಾರು ಕರೆದಿದ್ರು?"

"ಯಾರೂ ಕರೀಲಿಲ್ಲ," ಅವನು ರಕ್ತ ಉಗುಳಿದ. "ನಾನೇ ಬಂದೆ."

"ಇನ್ನು ಬರಬೇಡಿ. ನನ್ನ ಜೀವ, ನನ್ನಣ್ಣ. ನಡುವೆ ನಿಮಗೇನು ಕೆಲಸ?"

ಅವನು ಗೋಡೆ ಹಿಡಿದುಕೊಂಡು ಎದ್ದು ಹೋದ. ಹಿಂದೆ ತಿರುಗಿದರೆ ಅಣ್ಣ ಇನ್ನೂ ನೆಲದಲ್ಲೇ ಕೂತಿದ್ದ. ಇಂಥ ಏಟು ತಿಂದೂ ಬೈಯಲಿಲ್ಲ ಅವನು. ತನ್ನ ಮಣಿಕಟ್ಟಿನ ಮೇಲಿನ ತಂಗಿಯ ಹಲ್ಲಿನ ಗುರುತನ್ನೇ ನೋಡುತ್ತಿದ್ದ.

"ಬೇರೆ ಔಷಧಿನಾ ಅದು?" ಅಂದ.

"ಎಷ್ಟು ಸಲ ಹೇಳಿದ್ದೆ ಅಣ್ಣ?"

ಅವನು ಮುಖ ಆ ಕಡೆ ತಿರುಗಿಸಿದ. ಸಿಟ್ಟಿನಲ್ಲಿ ಕುಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಆ ದಿನ ಅಣ್ಣ ತಂಗಿ ಇಬ್ಬರೂ ಊಟ ಮಾಡಲಿಲ್ಲ.

*

ಮೂರನೇ ದಿನ. ಬೆಳಗ್ಗೆ ಒಂಬತ್ತಕ್ಕೆ ಗ್ಯಾರೇಜಿನ ಮುಂದೆ ಪೊಲೀಸ್ ಜೀಪು ನಿಂತಿತು.

ಹಿಂದಿನ ಸೀಟಿನಲ್ಲಿ ಅಣ್ಣ. ಒಂದು ಕೆನ್ನೆ ಊದಿತ್ತು, ತುಟಿ ಸೀಳಿತ್ತು. ಇಬ್ಬರು ಪೊಲೀಸರು ಇಳಿದು ಒಳಗೆ ಬಂದು ಸಾಕ್ಷಿಗೆ ಅಂತ ಗ್ಯಾಸ್ ವೆಲ್ಡಿಂಗಿನ ಪೈಪು ಬಿಚ್ಚತೊಡಗಿದರು.

"ಅಣ್ಣಾ, ಏನಿದು? ಯಾರು ಹೊಡೆದ್ರು?"

ಅಣ್ಣ ಕತ್ತು ತಗ್ಗಿಸಿದ. ಪೊಲೀಸಿನವನು ಅವಳ ಮುಖಕ್ಕೆ ಕಾಗದ ಹಿಡಿದ.

"ತಂಗಿಯ ಔಷಧಿ ಸುಟ್ಟಿದ್ದಾನೆ. ದೂರು ಇದೆ. ಯಾಕೆ ಸುಟ್ಟೆ ಅಂದ್ರೆ ಬಾಯಿ ಬಿಡಲ್ಲ, 'ಬೇಗ ಬರ್ಕೊಳ್ಳಿ' ಅಂತ ನಮಗೇ ಜೋರು ಮಾಡ್ತಾನೆ. ಸಾಹೇಬರು ಎರಡು ಬಿಟ್ರು."

ಅವಳು ಕಾಗದದ ಮೊದಲ ಸಾಲು ನೋಡಿದಳು. ಆ ಅಕ್ಷರ ಅವಳಿಗೆ ಗೊತ್ತು. ಪ್ರತಿ ಡಬ್ಬಿಯ ಮೇಲೆ 'ಈ ದಿನ ಶುರು ಮಾಡಿ, ಈ ದಿನ ನಿಲ್ಲಿಸಿ' ಅಂತ ಗುಂಡಗೆ, ಎದ್ದು ಕಾಣುವ ಹಾಗೆ ಬರೆದುಕೊಡುತ್ತಿದ್ದ ಅಕ್ಷರ. ಕಿಟಕಿಯವನದು.

ಅಷ್ಟು ಸಾಕಾಯಿತು. ಎರಡನೇ ಸಾಲು ಓದುವ ತಾಳ್ಮೆ ಅವಳಿಗೆಲ್ಲಿಂದ ಬರಬೇಕು? ಜೀಪು ಹೊರಡುವ ಮೊದಲೇ ಅವಳು ಓಡಿದ್ದಳು.

ಆಸ್ಪತ್ರೆಯಲ್ಲಿ ಅವನಿರಲಿಲ್ಲ. ಮುಖ ಊದಿಕೊಂಡಿದ್ದರಿಂದ ರಜೆ ಹಾಕಿದ್ದನಂತೆ. ಬೇರೆಯವರಿಂದ ವಿಳಾಸ ಕಿತ್ತುಕೊಂಡು, ಮೂರು ಬೀದಿ ದಾಟಿ, ಎರಡು ಮಹಡಿ ಹತ್ತಿ, ಬಾಗಿಲಿಗೆ ಒದ್ದಳು.

ಚಿಲಕ ಹಾಕಿರಲಿಲ್ಲ. ಒಂದೇ ರೂಮು. ಮಂಚ, ಮೇಜು, ಒಲೆ. ಅವನು ಕನ್ನಡಿ ಮುಂದೆ ನಿಂತು ತುಟಿಗೆ ಮುಲಾಮು ಹಚ್ಚುತ್ತಿದ್ದ.

ಅವಳು ಮೊದಲು ಕನ್ನಡಿ ಒಡೆದಳು. ಮೇಜಿನ ಮೇಲಿದ್ದ ಲೋಟ ತೆಗೆದು ಅವನ ಎದೆಗೆ ಎಸೆದಳು. ಆಮೇಲೆ ಬರಿಗೈ. ಕೆನ್ನೆಗೆ, ಎದೆಗೆ, ಭುಜಕ್ಕೆ, ಎಲ್ಲಿ ಸಿಕ್ಕಿತೋ ಅಲ್ಲಿ.

"ನನ್ನ ಅಣ್ಣನನ್ನ ಪೊಲೀಸರಿಗೆ ಹಿಡಿದುಕೊಟ್ಯಾ? ಬೇಡ ಅಂದಿದ್ದೆ ನಾನು. ನಿನ್ನ ನಂಬಿ ಹೇಳಿದ್ದೆ. ಯಾರಿಗೂ ಹೇಳದೆ ಇದ್ದದ್ದನ್ನ ನಿನಗೆ ಹೇಳಿದ್ದೆ..."

ಅವನು ಕೈ ಅಡ್ಡ ತರಲಿಲ್ಲ. ಗೋಡೆಗೆ ಒರಗಿ ನಿಂತು ತಿಂದ. ಅವಳಿಗೆ ಉಸಿರು ಕಟ್ಟಿ ನಿಂತಾಗ ಮೆಲ್ಲಗೆ ಹೇಳಿದ.

"ಡಬ್ಬಿ ಮಂಜೂರಾಗಿದೆ. ಹನ್ನೆರಡರೊಳಗೆ ನೀವೇ ಹೋಗಿ ಸಹಿ ಹಾಕಿ ತಗೋಬೇಕು. ಈಗ ಹತ್ತೂ ಮುಕ್ಕಾಲು."

"ನನ್ನಣ್ಣನ ರಕ್ತ ಹತ್ತಿರೋ ಗುಳಿಗೆ ನನಗೆ ಬೇಡ. ಮುಟ್ಟಲ್ಲ. ಸತ್ರೂ ಮುಟ್ಟಲ್ಲ."

ಏಟು ತಿಂದಾಗ ಬಾರದ ಭಯ ಈಗ ಅವನ ಕಣ್ಣಿಗೆ ಬಂತು.

"ಹಾಗನ್ಬೇಡಿ. ದಯವಿಟ್ಟು."

"ಯಾಕೆ ಅನ್ನಬಾರದು? ನಿನಗೇನು ಹೋಗುತ್ತೆ?"

ಅವನು ಕಣ್ಣು ಮುಚ್ಚಿ ತೆಗೆದ. ಮಾತು ಕೊಟ್ಟಿದ್ದ ಅವನು, ಹೇಳಲ್ಲ ಅಂತ. ಆದರೆ ಮಾತು ಉಳಿಸಿಕೊಂಡರೆ ಇವಳು ಉಳಿಯಲ್ಲ.

"ದೂರಿನ ಕೊನೇಲಿ ಸಹಿ ಯಾರದ್ದು ಅಂತ ನೋಡಿದ್ರಾ?"

"ನಿನ್ನ ಅಕ್ಷರ ನನಗೆ ಗೊತ್ತಿಲ್ವಾ?"

"ಅಕ್ಷರ ನನ್ನದು. ಸಹಿ ನಿಮ್ಮಣ್ಣನದು."

ಅವಳ ಎತ್ತಿದ ಕೈ ಹಾಗೇ ನಿಂತಿತು.

"ಇವತ್ತು ಬೆಳಗ್ಗೆ ಆರು ಗಂಟೆಗೆ ಇದೇ ಬಾಗಿಲು ತಟ್ಟಿದ್ರು. ಹೊಡೆಯೋಕೆ ಬಂದ್ರು ಅಂದ್ಕೊಂಡೆ. ಒಳಗೆ ಬಂದು ಕೂತು, ಮಗುವಿನ ಹಾಗೆ ಅತ್ರು. 'ನನಗೆ ನೆಟ್ಟಗೆ ಬರೆಯೋಕೆ ಬರಲ್ಲ, ನೀನು ಬರಿ. ನಾನೇ ಸುಟ್ಟೆ ಅಂತ ಬರಿ. ನನ್ನ ಹೆಸರು ದಪ್ಪಗೆ ಬರಿ, ಆ ಕಂಪನಿಯವರಿಗೆ ಕಾಣೋ ಹಾಗೆ' ಅಂದ್ರು. ಸ್ಟೇಷನ್ ತನಕ ನಾನೂ ಹೋದೆ. 'ಅವಳಿಗೆ ಹೇಳ್ಬೇಡ. ಗೊತ್ತಾದ್ರೆ ಬಂದು ದೂರು ಹರಿದುಹಾಕ್ತಾಳೆ, ಡಬ್ಬಿ ತಪ್ಪುತ್ತೆ. ಬೈದ್ರೆ ನಿನ್ನ ಬೈಕೊಳ್ಳಲಿ' ಅಂದ್ರು. ಪ್ರತಿ ಹಿಡಿದುಕೊಂಡು ಎಂಟು ಗಂಟೆಗೇ ಆಸ್ಪತ್ರೆಗೆ ಹೋಗಿ ಕೊಟ್ಟು ಬಂದೆ."

ಗುಡುಗು ಮಂಚದ ಅಂಚಿಗೆ ಕೂತಳು. ಅವಳು ಅತ್ತದ್ದು ಕಾಯಿಲೆ ಬಂದಾಗಲ್ಲ, ಗಂಡ ಹೋದಾಗಲ್ಲ. ಈಗ ಅತ್ತಳು, ಬಿಕ್ಕಿ ಬಿಕ್ಕಿ, ಮೂಗು ಸುರಿಸಿಕೊಂಡು. ಕಿಟಕಿಯವನು ಒಡೆದ ಕನ್ನಡಿಯ ಚೂರುಗಳನ್ನು ಅವಳ ಕಾಲ ಬಳಿಯಿಂದ ಒಂದೊಂದಾಗಿ ಎತ್ತಿದ.

"ಅಳೋದು ಹನ್ನೆರಡರ ಮೇಲೆ ಅಳಬಹುದು," ಅಂದ. "ಈಗ ಏಳಿ."

*

ಹನ್ನೊಂದೂವರೆಗೆ ಸಹಿ ಹಾಕಿದಳು. ಹನ್ನೆರಡೂಕಾಲಿಗೆ ಡಬ್ಬಿ ಎದೆಗವುಚಿಕೊಂಡು ಸ್ಟೇಷನ್ ಒಳಗೆ ನಿಂತಿದ್ದಳು, ಪಕ್ಕದಲ್ಲಿ ಕಿಟಕಿಯವನು.

ಕಂಬಿಯ ಆಚೆ ಅಣ್ಣ ಎದ್ದು ಬಂದ. ಮೊದಲು ಡಬ್ಬಿ ನೋಡಿದ, ಆಮೇಲೆ ಕಿಟಕಿಯವನನ್ನ.

"ಹೇಳ್ಬಿಟ್ಯಾ?"

"ಹೇಳದಿದ್ರೆ ತಗೊಳ್ತಾ ಇರಲಿಲ್ಲ."

"ಬಾಯಿ ಸಡಿಲ ನಿನ್ನದು," ಅಂದ ಅಣ್ಣ. ಆಮೇಲೆ ತಂಗಿಯ ಕಡೆ ತಿರುಗಿ, "ನುಂಗು" ಅಂದ.

"ಮೊದಲು ನಿನ್ನ ಬಿಡಿಸಿಕೊಂಡು ಹೋಗ್ತೀನಿ. ಕ್ಷಮಿಸಿದ್ದೀನಿ ಅಂತ ಬರೆದುಕೊಟ್ರೆ ಸಂಜೆಗೆ ಬಿಡ್ತಾರಂತೆ."

"ಮೊದಲು ನುಂಗು. ನನ್ನ ಕಣ್ಣೆದುರು."

ಪೊಲೀಸಿನವನು ಸುಮ್ಮನೆ ಒಂದು ಲೋಟ ನೀರು ತಂದು ಕೊಟ್ಟ. ಅವಳು ಪಟ್ಟಿ ಒತ್ತಿ ಮೊದಲ ಗುಳಿಗೆ ತೆಗೆದು ಬಾಯಿಗೆ ಹಾಕಿಕೊಂಡಳು. ಅಣ್ಣ ಕಂಬಿಗೆ ಮುಖ ಒತ್ತಿ, ಅವಳ ಗಂಟಲು ಅಲ್ಲಾಡುವುದನ್ನೇ ನೋಡಿದ.

"ಬಾಯಿ ತೆಗಿ. ನಾಲಿಗೆ ಎತ್ತು."

ಮೂವತ್ತೇಳರ ಗುಡುಗು, ಪೊಲೀಸರ ಮುಂದೆ, ಒಂಬತ್ತು ವರ್ಷದವಳ ಹಾಗೆ ಬಾಯಿ ಅಗಲಿಸಿ ತೋರಿಸಿದಳು.

ಅಣ್ಣನ ಊದಿದ ಕೆನ್ನೆ ಮೇಲೆ ನೀರಿಳಿಯಿತು. "ಅಮ್ಮನಿಗೆ ನಾನೇ ದಿನಾ ನುಂಗಿಸ್ತಿದ್ದೆ ಕಣೇ. ನಾನೇ ಕೊಂದೆ ಅಂದ್ಕೊಂಡಿದ್ದೆ... ಇಷ್ಟು ವರ್ಷ."

ಕಂಬಿಯ ನಡುವೆ ಕೈ ತೂರಿಸಿ ಅವಳು ಅವನ ತಲೆಯನ್ನು ತನ್ನ ಹಣೆಗೆ ಒತ್ತಿಕೊಂಡಳು.

ಕಾಗದ ಬರೆದುಕೊಟ್ಟು ಹೊರಗೆ ಬಂದು ಅವರಿಬ್ಬರೂ ಮೆಟ್ಟಿಲ ಮೇಲೆ ಕೂತರು, ಸಂಜೆಗೆ ಕಾಯುತ್ತಾ. ಅವನ ಮುಖದಲ್ಲಿ ಊದಿಲ್ಲದ ಜಾಗವೇ ಉಳಿದಿರಲಿಲ್ಲ. ಅರ್ಧ ಅಣ್ಣನ ಕೈಚಳಕ, ಅರ್ಧ ತಂಗಿಯದು.

"ಇಷ್ಟೆಲ್ಲ ಯಾಕೆ ಮಾಡಿದ್ರಿ?"

"ಹನ್ನೊಂದು ವರ್ಷದಿಂದ ಆ ಕಿಟಕೀಲಿ ಕೂತಿದ್ದೀನಿ. ಬರ್ತಿದ್ದೋರು ಒಂದಿನ ಬರಲ್ಲ. ಹೆಸರಿನ ಮೇಲೆ ಗೆರೆ ಎಳೀತೀನಿ, ಮನೆಗೆ ಹೋಗಿ ಊಟ ಮಾಡಿ ಮಲಗ್ತೀನಿ. ಅದೇ ಕೆಲಸ." ಅವನು ಅವಳ ಕಡೆ ತಿರುಗಿದ. "ನೀವು ಬಂದ ಮೊದಲ ದಿನ ಸಾಲಲ್ಲಿ ನುಗ್ಗಿದ ಒಬ್ಬನ ಕಾಲರ್ ಹಿಡಿದು ಹಿಂದಕ್ಕೆ ಎಳೆದ್ರಿ. ನೆನಪಿದ್ಯಾ? ಅವತ್ತಿಂದ ಇಪ್ಪತ್ತೆಂಟು ದಿನ ಎಣಿಸೋದು ನನ್ನ ಕೆಲಸ ಆಗೋಯ್ತು. ನಿಮ್ಮ ಹೆಸರಿನ ಮೇಲೆ ಗೆರೆ ಎಳೆಯೋಕೆ ನನ್ನ ಕೈಲಿ ಆಗಲ್ಲ."

"ಒಂದಲ್ಲ ಒಂದಿನ ಎಳೀಲೇಬೇಕಲ್ಲ. ಈ ಗುಳಿಗೆ ಎಷ್ಟು ದಿನ ಕೆಲಸ ಮಾಡುತ್ತೋ ಡಾಕ್ಟರಮ್ಮನಿಗೂ ಗೊತ್ತಿಲ್ಲ."

"ಗೊತ್ತು. ಆ ದಿನ ಬೇರೆ ಯಾರಾದ್ರೂ ಎಳೀಲಿ. ನಾನು ಕಿಟಕಿ ಒಳಗಿರಲ್ಲ. ನಿಮ್ಮ ಪಕ್ಕ ಇರ್ತೀನಿ."

ಅವಳು ಸೆರಗಿನ ತುದಿಯಿಂದ ಅವನ ಹುಬ್ಬಿನ ರಕ್ತ ಒರೆಸಿದಳು. ಅವನು 'ಹಾ' ಅಂದ, ಆದರೆ ಮುಖ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ನನ್ನ ಜೊತೆ ಬಾಳೋದು ಸುಲಭ ಅಲ್ಲ. ಜಗಳ ಆಡ್ತೀನಿ."

"ಆಡಿ."

"ದಿನಾ ಆಡ್ತೀನಿ."

"ಆಡಿ... ದಿನಾ ಇರ್ತೀರಲ್ಲ, ನನಗೆ ಅದು ಸಾಕು."